ತೂಕವಿಳಿಸುವ ಶಸ್ತ್ರಚಿಕಿತ್ಸೆಯೂ ಎಲುಬಿನ ಸುಣ್ಣವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಆರೋಗ್ಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಶಿಶುಪೋಷಣೆ, ಕಣ್ಣಿನ ರಕ್ಷಣೆ, ಶುದ್ಧವಾದ ನೀರು ಎಂಬ ಹಳೆಯ ವಿಷಯಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳುವುದು ನಮಗೆ ಸುಲಭವಾಗಿತ್ತು. ಆದರೆ ಈಚಿನ ವರ್ಷಗಳಲ್ಲಿ ಹಳೆ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರಲ್ಲಿ ಒಬ್ಬಿಬ್ಬರಾದರೂ ನಮ್ಮನ್ನು ವರಾಂಡದ ಮೂಲೆಗೆ ಕರೆದು, ದನಿಯನ್ನು ತಗ್ಗಿಸಿ, ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿರುವರು. ತಾವು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ತೂಕವನ್ನಿಳಿಸುವುದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡಿರುವುದಾಗಿಯೂ, ವೈದ್ಯರು ಬರೆದುಕೊಟ್ಟ ಸುಣ್ಣದ ಮಾತ್ರೆಗಳನ್ನೂ ‘ಡಿ’ ಜೀವಸತ್ವದ ಔಷಧವನ್ನೂ ಇನ್ನೆಷ್ಟು ಕಾಲ ಸೇವಿಸುತ್ತಿರಬೇಕೆಂದೂ ಅವರು ಕೇಳುವರು. ಬದುಕಿರುವಷ್ಟು ಕಾಲವೂ ಎಂಬುದೇ ಇದಕ್ಕೆ ಉತ್ತರ. ಕಾರಣವನ್ನರಿಯದೆ ಔಷಧವನ್ನು ನುಂಗುವವರು ಒಂದೆರಡು ವರ್ಷಗಳಲ್ಲಿ ಅದನ್ನು ಬಿಟ್ಟುಬಿಡುವರೆಂಬುದನ್ನು ನಾವು ಕಣ್ಣಾರೆ ಕಂಡಿರುವುದರಿಂದ, ಆ ಕಾರಣವನ್ನು ನಮ್ಮಿಂದಾದಷ್ಟು ತಿಳಿಯಾಗಿ ಇಲ್ಲಿ ವಿವರಿಸುವೆವು.

ಮೊದಲು ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬರು (ಅವರ ಅನುಮತಿಯಿಂದಲೇ ಇದನ್ನು ಬರೆಯುತ್ತಿರುವೆವು, ಹೆಸರನ್ನು ಮಾತ್ರ ಬರೆಯುವುದಿಲ್ಲ) ಕೆಲವು ವರ್ಷಗಳ ಹಿಂದೆ ಇಂಥ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಅವರ ಸಿಹಿಮೂತ್ರದ ರೋಗವು ಹತೋಟಿಗೆ ಬಂದಿತು, ಏದುಸಿರು ನಿಂತಿತು, ಮೈ ಹಗುರವಾಗಿ ಮೊಮ್ಮಕ್ಕಳೊಡನೆ ಅಂಗಳದಲ್ಲಿ ಓಡಾಡುವಂತಾದರು. ಮನೆಯಲ್ಲಿ ಗಂಡನೊಬ್ಬನ ಹೊರತು ಯಾರಿಗೂ ನಿಜಸಂಗತಿ ತಿಳಿದಿರಲಿಲ್ಲ. ಪಿತ್ತಕೋಶದ ಕಲ್ಲನ್ನು ತೆಗೆಸಿಕೊಂಡೆನೆಂದು ಅತ್ತೆಗೂ ನಾದಿನಿಯರಿಗೂ ಹೇಳಿದ್ದರು. ಎರಡನೆಯ ವರ್ಷದಲ್ಲಿ ರಕ್ತಪರೀಕ್ಷೆಯಾದಾಗ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಕಾಗದದಲ್ಲಿ ಬಂದಿತು. ಸರಿಯಾಗಿರುವಾಗ ಮಾತ್ರೆಯೇತಕ್ಕೆಂದು ಬಿಟ್ಟುಬಿಟ್ಟರು. ಮುಂದೆ ಮೂರು ಮಳೆಗಾಲಗಳು ಕಳೆದವು. ನಾಲ್ಕನೆಯದರಲ್ಲಿ ಸೊಂಟದಲ್ಲಿಯೂ ತೊಡೆಗಳಲ್ಲಿಯೂ ನೋವು ಪ್ರಾರಂಭವಾಯಿತು. ಮಣೆಯ ಮೇಲೆ ಕುಳಿತರೆ ಕೈಯೂರದೆ ಏಳಲಾಗದು. ಮನೆಯ ಮುಂದಿನ ಮೆಟ್ಟಲುಗಳನ್ನು ಹತ್ತುವಾಗ ಕಂಬವನ್ನು ಹಿಡಿದುಕೊಳ್ಳಬೇಕು. ಮಳೆಯ ಶೀತದಿಂದ ವಾತವಾಗಿದೆಯೆಂದು ಮನೆಯವರು ಎಣ್ಣೆ ತಿಕ್ಕಿದರು. ಅಂಗಡಿಯಿಂದ ನೋವಿನ ಗುಳಿಗೆಗಳು ಬಂದವು. ಇದೂ ಅಪಾಯವೇ, ಜಠರವನ್ನು ಕತ್ತರಿಸಿ ಕರುಳಿಗೆ ಜೋಡಿಸಿದವರು ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಿದರೆ ಆ ಜೋಡಣೆಯ ಬಳಿ ಹುಣ್ಣಾಗುವ ಸಂಭವವುಂಟು.

ಕೊನೆಗೆ ವಯಸ್ಸಾದ ಒಬ್ಬ ವೈದ್ಯರು, ಇವರು ಕುರ್ಚಿಯಿಂದ ಏಳುವ ರೀತಿಯನ್ನು ಬಾಗಿಲಿನಿಂದಲೇ ನೋಡಿ, “ಹೊಟ್ಟೆಗೆ ಯಾವುದಾದರೂ ಆಪರೇಷನ್ ಆಗಿದೆಯೇನಮ್ಮ?” ಎಂದು ಕೇಳಿದರಂತೆ. ಜೊತೆಯಲ್ಲಿ ನಾದಿನಿ ಇದ್ದುದರಿಂದ ಇವರು ಇಲ್ಲವೆಂದರು. ಮರುದಿನ ಒಬ್ಬರೇ ಹಿಂದಿರುಗಿ ಹೋಗಿ ನಿಜವನ್ನು ಹೇಳಿದರು. ಬೇರೆ ಎರಡು ಮೂರು ಪರೀಕ್ಷೆಗಳಾದ ಮೇಲೆ, ಅವರ ಎಲುಬುಗಳು ಮೆದುವಾಗುತ್ತಿವೆಯೆಂದು ತಿಳಿದುಬಂದಿತು. ಆ ದಿನವೂ ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇದ್ದಿತು.

ರಕ್ತದಲ್ಲಿ ಸುಣ್ಣವು ಸರಿಯಾಗಿದ್ದು ಎಲುಬಿನಲ್ಲಿ ಕಡಿಮೆಯಾಗುವುದು ಹೇಗೆಂದು ವಾಚಕರು ಕೇಳಬಹುದು. ಇದೇ ಈ ಲೇಖನದ ಮುಖ್ಯ ವಿಷಯ.

ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಸುಣ್ಣದ ಅಂಶವಿರುವುದು. ಅದರಲ್ಲಿ ನೂರಕ್ಕೆ ೯೯ ಪಾಲು ಎಲುಬುಗಳಲ್ಲಿಯೂ ಹಲ್ಲುಗಳಲ್ಲಿಯೂ ಸೇರಿಕೊಂಡಿದೆ. ಉಳಿದ ಒಂದು ಪಾಲು ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಇದ್ದು, ಹೃದಯದ ಬಡಿತ, ನರಗಳ ಚಲನೆ, ರಕ್ತವು ಹೆಪ್ಪುಗಟ್ಟುವುದು ಮೊದಲಾದ ಕೆಲಸಗಳಿಗೆ ಒದಗುವುದು. ಎಲುಬು ಒಂದಿಷ್ಟು ತೆಳುವಾದರೆ ಮನುಷ್ಯನು ಹಲವು ವರ್ಷ ಬದುಕಿರಬಲ್ಲನು. ರಕ್ತದ ಸುಣ್ಣವು ಬಹಳ ಇಳಿದರೆ ಕೈಕಾಲು ಸೆಡೆತು ಪ್ರಾಣಕ್ಕೇ ಅಪಾಯವಾಗುವುದು. ಆದುದರಿಂದ ದೇಹವು ರಕ್ತದ ಲೆಕ್ಕವನ್ನು ಎಂದಿಗೂ ತಪ್ಪಗೊಡದು. ಅದನ್ನು ಕಾಯುವುದಕ್ಕೆ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ, ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಸುಣ್ಣವು ತುಸು ಇಳಿಯುತ್ತಲೇ ಇವು ತಮ್ಮ ರಸವನ್ನು ಹೊರಡಿಸುವವು. ಆ ರಸವು ಎಲುಬನ್ನು ಕರಗಿಸಿ ಸುಣ್ಣವನ್ನು ರಕ್ತಕ್ಕೆ ತಂದು ತುಂಬುವುದು.

ನಮ್ಮ ಕಡೆಯ ಮನೆಗಳಲ್ಲಿ ಕಣಜವೊಂದು, ಅಡಿಗೆಮನೆಯ ಅಕ್ಕಿಯ ಡಬ್ಬವೊಂದು ಇರುವುದಷ್ಟೆ. ಗದ್ದೆಯಿಂದ ಭತ್ತ ಬಾರದ ವರ್ಷದಲ್ಲಿಯೂ ಮನೆಯಾಕೆ ಕಣಜದಿಂದ ತೆಗೆದು ತೆಗೆದು ಡಬ್ಬವನ್ನು ತುಂಬಿಯೇ ಇಡುವಳು. ಬಂದ ನೆಂಟರು ಡಬ್ಬದ ಮುಚ್ಚಳವನ್ನು ತೆರೆದು ನೋಡಿ, ಈ ಮನೆಯಲ್ಲಿ ಯಾವ ಕೊರತೆಯೂ ಇಲ್ಲವೆಂದು ಹೋದರೆ ಅದು ಅವರ ತಪ್ಪಲ್ಲ. ಕಣಜದ ಬಾಗಿಲನ್ನು ಅವರು ತೆರೆದು ನೋಡಲಿಲ್ಲ. ನಮ್ಮ ವಿದ್ಯಾರ್ಥಿನಿಗೆ ಬಂದ ರಕ್ತಪರೀಕ್ಷೆಯ ಕಾಗದವು ಡಬ್ಬವನ್ನು ಮಾತ್ರ ನೋಡಿದ್ದು.

ಇನ್ನು ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದೇನೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. ಈಗ ಬಹಳವಾಗಿ ನಡೆಯುವವು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚಾದುದನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಉದ್ದವಾದ ಕೊಳವೆಯಾಗಿ ಹೊಲಿಯುವರು. ಕರುಳಿನ ದಾರಿಯನ್ನು ಬದಲಿಸುವುದಿಲ್ಲ. ಬೈಪಾಸ್ ಎಂಬುದರಲ್ಲಿ ಜಠರದ ಮೇಲ್ತುದಿಯಲ್ಲಿ ಒಂದು ಸಣ್ಣ ಚೀಲವನ್ನು ಮಾತ್ರ ಉಳಿಸಿಕೊಂಡು, ಸಣ್ಣ ಕರುಳಿನ ಮುಂದಿನ ಭಾಗವನ್ನು ಮೇಲಕ್ಕೆ ತಂದು ಆ ಚೀಲಕ್ಕೆ ಜೋಡಿಸುವರು. ಕರುಳನ್ನು ಹೀಗೆ ಜೋಡಿಸುವ ಕ್ರಮಕ್ಕೆ ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿದ್ದ ಸೆಸಾರ್ ರೂ ಎಂಬ ಶಸ್ತ್ರವೈದ್ಯರ ಹೆಸರೇ ಇಂದಿಗೂ ಇರುವುದು. ಅವರ ಕಾಲದಲ್ಲಿ ತೂಕವನ್ನಿಳಿಸುವ ಯೋಚನೆಯೇ ಇರಲಿಲ್ಲ. ಸ್ಥೂಲಕಾಯದ ಚಿಕಿತ್ಸೆಗಾಗಿ ಜಠರದ ಬೈಪಾಸನ್ನು ೧೯೬೦ರ ಬಳಿಕದ ದಶಕದಲ್ಲಿ ಅಮೆರಿಕದ ಅಯೋವ ಸಂಸ್ಥಾನದ ಮೇಸನ್ ಮತ್ತು ಇಟೊ ಎಂಬವರು ಪ್ರಾರಂಭಿಸಿದರು.

ಬೈಪಾಸಿನಲ್ಲಿ ಉಂಡ ಅನ್ನವು ಜಠರದ ಹೆಚ್ಚಿನ ಭಾಗವನ್ನೂ, ಅದರ ಮುಂದಿರುವ ಡುವೋಡಿನಂ ಎಂಬ ಕರುಳಿನ ಮೊದಲ ತುಂಡನ್ನೂ ಮುಟ್ಟದೆಯೇ ಕೆಳಕ್ಕಿಳಿಯುವುದು. ಸುಣ್ಣವನ್ನು ಹೆಚ್ಚು ಚುರುಕಾಗಿ ಹೀರಿಕೊಳ್ಳುವ ಭಾಗವೋ ಆ ಡುವೋಡಿನಂ ಮತ್ತು ಅದಕ್ಕೆ ತಾಗಿದ ಕರುಳೇ. ಸಾಲದುದಕ್ಕೆ ಜಠರದ ಆಮ್ಲವೂ ಕಡಿಮೆಯಾಗುವುದು. ಆಹಾರದಲ್ಲಿರುವ ಸುಣ್ಣವನ್ನು ಕರಗಿಸುವುದಕ್ಕೆ ಆ ಆಮ್ಲವು ಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಬೈಪಾಸಿಗೆ ಮೊದಲು ತಿಂದ ಸುಣ್ಣದಲ್ಲಿ ನೂರಕ್ಕೆ ಸುಮಾರು ೩೩ ಪಾಲನ್ನು ಹೀರಿಕೊಳ್ಳುತ್ತಿದ್ದವರ ಕರುಳು, ಆರು ತಿಂಗಳ ತರುವಾಯ ೭ ಪಾಲನ್ನು ಮಾತ್ರ ಹೀರಿಕೊಳ್ಳುತ್ತಿದ್ದಿತು. ಅವರ ರಕ್ತದಲ್ಲಿ ‘ಡಿ’ ಜೀವಸತ್ವವು ಸಾಕಷ್ಟಿರುವಂತೆ ನೋಡಿಕೊಂಡ ಮೇಲೆಯೂ ಹೀಗಾಯಿತೆಂಬುದು ಗಮನಿಸತಕ್ಕ ಮಾತು. ಸ್ಲೀವ್ ಮಾಡಿಸಿಕೊಂಡವರು ತಮಗೆ ಇದು ಸಂಬಂಧಿಸಿದುದಲ್ಲವೆಂದು ತಿಳಿಯಬಾರದು. ಅವರಿಗೆ ಕರುಳಿನ ದಾರಿ ನೆಟ್ಟಗಿದ್ದರೂ ಆಮ್ಲವು ಕಡಿಮೆ, ಊಟವು ಕಡಿಮೆ; ದೇಹದ ಭಾರವು ಬೇಗನೆ ಇಳಿಯುವುದರಿಂದಲೇ ಎಲುಬು ಒಂದಿಷ್ಟು ತೆಳುವಾಗುವುದು.

ಹೊಟ್ಟೆಯ ಹುಣ್ಣಿಗಾಗಿ ಬಹು ವರ್ಷಗಳ ಹಿಂದೆ ಜಠರದ ಭಾಗವನ್ನು ತೆಗೆಸಿಕೊಂಡ ಅಥವಾ ಕರುಳಿಗೆ ಜೋಡಿಸಿಕೊಂಡ ವೃದ್ಧರು ನಮ್ಮ ಅನೇಕ ಮನೆಗಳಲ್ಲಿ ಇರುವರು. ಔಷಧದಿಂದಲೇ ಹುಣ್ಣು ವಾಸಿಯಾಗುವ ಕಾಲ ಬರುವುದಕ್ಕೆ ಮುಂಚೆ ದಕ್ಷಿಣ ದೇಶದಲ್ಲಿ ಆ ಶಸ್ತ್ರಚಿಕಿತ್ಸೆಯು ಬಹಳ ಸಾಮಾನ್ಯವಾಗಿತ್ತು. ತೂಕಕ್ಕೂ ಅವರಿಗೂ ಸಂಬಂಧವಿಲ್ಲದಿದ್ದರೂ ಎಲುಬಿನ ಮಟ್ಟಿಗೆ ಅವರ ಸ್ಥಿತಿಯೂ ಇದೇ. ಮನೆಯ ಹಿರಿಯರ ಬೆನ್ನು ಬಾಗಿದ್ದರೆ ಮುಪ್ಪೊಂದನ್ನೇ ದೂರದೆ, ಇದನ್ನೂ ವಿಚಾರಿಸಿ ನೋಡುವುದು ಒಳ್ಳೆಯದು.

‘ಡಿ’ ಜೀವಸತ್ವದ ವಿಷಯಕ್ಕೆ ಬರುವೆವು. ಸುಣ್ಣವನ್ನು ಕರುಳಿನಿಂದ ರಕ್ತಕ್ಕೆ ಸೇರಿಸುವುದು ಇದರ ಕೆಲಸ. ಇದು ಸಾಲದಿದ್ದರೆ ತಿಂದ ಸುಣ್ಣದ ಬಹುಪಾಲು ಹಾಗೆಯೇ ಹೊರಟುಹೋಗುವುದು. ಆಹಾರದಲ್ಲಿ ಇದು ಬಹಳ ಸ್ವಲ್ಪ. ಬಿಸಿಲು ಚರ್ಮದ ಮೇಲೆ ಬಿದ್ದಾಗ ದೇಹವೇ ಇದನ್ನು ತಯಾರಿಸಿಕೊಳ್ಳುವುದು. ಈ ತಥ್ಯವನ್ನು ಮೊದಲು ಊಹಿಸಿದವರಲ್ಲಿ ಒಬ್ಬರು ಥಿಯೋಬಾಲ್ಡ್ ಪಾಮ್ ಎಂಬ ಮಿಶನ್ ವೈದ್ಯರು. ಅವರು ಜಪಾನಿನ ನೀಗಾಟ ಎಂಬಲ್ಲಿ ಸೇವೆ ಮಾಡುತ್ತಿದ್ದಾಗ, ಇಂಗ್ಲೆಂಡಿನ ಹೊಗೆ ಕವಿದ ಊರುಗಳಲ್ಲಿ ಮನೆಮನೆಗೂ ಇದ್ದ, ಮಕ್ಕಳ ಕಾಲೆಲುಬುಗಳು ಬಾಗುವ ರಿಕೆಟ್ಸ್ ರೋಗವು ಅಲ್ಲಿ ಕಾಣದಿರುವುದನ್ನು ಗಮನಿಸಿದರು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಬೇರೆ ಬೇರೆ ದೇಶಗಳಲ್ಲಿದ್ದ ಮಿಶನ್ ವೈದ್ಯರಿಗೆ ಕಾಗದ ಬರೆದು ವಿಚಾರಿಸಿ, ಬಿಸಿಲಿನ ಅಭಾವವೇ ಈ ರೋಗಕ್ಕೆ ಕಾರಣವೆಂದು ೧೮೯೦ರಲ್ಲಿ ಪ್ರಕಟಿಸಿದರು. ಜೀವಸತ್ವವೆಂಬ ಮಾತೇ ಆಗ ಹುಟ್ಟಿರಲಿಲ್ಲ. ಅವರ ಮಾತಿಗೆ ಯಾರೂ ಹೆಚ್ಚಾಗಿ ಕಿವಿಗೊಡಲಿಲ್ಲ. ‘ಡಿ’ ಎಂಬ ಹೆಸರು ಬಂದದ್ದು ೧೯೨೨ರಲ್ಲಿ.

ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆ ಕಾಶ್ಮೀರದ್ದು. ಶ್ರೀನಗರದ ಸ್ತ್ರೀಯರ ಆಸ್ಪತ್ರೆಯಲ್ಲಿದ್ದ ಕ್ಯಾಥ್ಲೀನ್ ವಾನ್ ಎಂಬ ವೈದ್ಯೆಯು, ಗೋಷೆಯಲ್ಲಿದ್ದ ಮನೆತನಸ್ಥ ಹೆಂಗಸರ ಎಲುಬುಗಳು ಮೆದುವಾಗಿ, ಸೊಂಟದ ಗೂಡು ಕುಗ್ಗಿ, ಹೆರಿಗೆಯಲ್ಲಿ ತಾಯಿಮಕ್ಕಳಿಬ್ಬರೂ ಪ್ರಾಣಸಂಕಟಕ್ಕೆ ಒಳಗಾಗುತ್ತಿದ್ದುದನ್ನು ಕಂಡರು. ಹೊಲಗಳಲ್ಲಿಯೂ ದೋಣಿಗಳಲ್ಲಿಯೂ ಬಿಸಿಲಿಗೆ ಮೈಯೊಡ್ಡಿ ದುಡಿಯುತ್ತಿದ್ದ ಬಡ ಹೆಂಗಸರಿಗೆ ಈ ಸಂಕಟವು ಕಾಣುತ್ತಿರಲಿಲ್ಲ. ಈ ವಿಷಯವಾಗಿ ಅವರು ೧೯೨೮ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಶಾಲೆಯಲ್ಲಿ ಬೆಳಗಿನ ಡ್ರಿಲ್ಲಿಗೆ ತಲೆನೋವೆಂದು ತಪ್ಪಿಸಿಕೊಂಡು ತರಗತಿಯಲ್ಲಿ ಕುಳಿತಿರುತ್ತಿದ್ದವರು ಇದನ್ನು ಓದಿ ಸ್ವಲ್ಪ ನಗಬಹುದು. ಅಂಥವರಲ್ಲಿ ನಾವೂ ಒಬ್ಬರಾಗಿದ್ದೆವು.

ಕೊಡಗಿನಲ್ಲಿ ಗೋಷೆಯಿಲ್ಲ. ಆದರೆ ಮಳೆ ಮೋಡಗಳ ಗೋಷೆಯುಂಟು. ನಮ್ಮ ನಾಡು ಭೂಮಧ್ಯರೇಖೆಯಿಂದ ೧೨ ಡಿಗ್ರಿ ಮಾತ್ರ ಉತ್ತರಕ್ಕಿರುವುದರಿಂದ ಆಕಾಶವು ನಿರ್ಮಲವಾಗಿದ್ದರೆ ವರ್ಷದ ಯಾವ ತಿಂಗಳಲ್ಲಿಯೂ ಸಾಕಷ್ಟು ಬಿಸಿಲು ದೊರೆಯತಕ್ಕದ್ದು. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ ಸುರಿಯುವುದು. ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಜೂನ್ ತಿಂಗಳಲ್ಲಿ ಹಿಡಿದ ಮಳೆ, ಕಕ್ಕಡ ಮಾಸದ ಕತ್ತಲೆಯನ್ನು ದಾಟಿ, ಕೈಲ್ ಪೊಳ್ದ್ ಹಬ್ಬದ ವೇಳೆಗೆ ತುಸು ಬಿಡುವು ಕೊಡುವುದು. ಆ ನಡುವೆ ವಾರಗಟ್ಟಲೆ ಸೂರ್ಯನ ಮುಖವನ್ನೇ ಕಾಣದವರು ಇರುವರು. ಮಳೆಯಿಲ್ಲದ ದಿನಗಳಲ್ಲಿಯೂ ತೋಟದಲ್ಲಿ ಓಡಾಡುವವರು ತಾವು ಹೊರಗೇ ಇರುವೆವೆಂದು ನಂಬಿರುವರು. ಕಾಫಿಯ ಗಿಡವನ್ನು ಬೆಳೆಸುವುದೇ ಮರಗಳ ನೆರಳಿನಲ್ಲೆಂಬುದನ್ನು ಮರೆಯುವರು. ದಟ್ಟವಾದ ನೆರಳಿನಲ್ಲಿ ಆ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಬಹಳ ಕಡಿಮೆ. ಕಿಟಕಿಯ ಗಾಜನ್ನು ಆ ಕಿರಣಗಳು ದಾಟಲಾರವು. ಗಾಜಿನ ಹಿಂದೆ ಬೆಚ್ಚಗೆ ಕುಳಿತು ಬಿಸಿಲು ಕಾಯಿಸಿಕೊಂಡರೆ ಮೈ ಬೆಚ್ಚಗಾಗುವುದಷ್ಟೇ ಲಾಭ.

ಸ್ಥೂಲಕಾಯದವರಲ್ಲಿ ಇನ್ನೊಂದು ವಿಶೇಷವುಂಟು. ಈ ಜೀವಸತ್ವವು ಕೊಬ್ಬಿನಲ್ಲಿ ಕರಗುವಂಥದಾದ್ದರಿಂದ ಮೈಯ ಕೊಬ್ಬಿನಲ್ಲಿ ಹರಡಿಹೋಗಿ, ರಕ್ತದಲ್ಲಿ ಕಡಿಮೆಯಾಗಿ ಕಾಣುವುದು. ಹೀಗಾಗಿ ಶಸ್ತ್ರಚಿಕಿತ್ಸೆಗೆ ಹೋಗುವ ಮುಂಚೆಯೇ ಅನೇಕರಲ್ಲಿ ಇದರ ಕೊರತೆಯಿರುವುದು. ಕೊರತೆಯನ್ನು ಮೊದಲೇ ಪರೀಕ್ಷಿಸಿ ತುಂಬಿಕೊಂಡು ಹೋಗುವುದು ಉತ್ತಮ.

ಬೈಪಾಸಾದವರಿಗೆ ಬಿಸಿಲಿನಿಂದ ಒಂದು ಅನುಕೂಲವೂ ಇದೆ. ಚರ್ಮದಲ್ಲಿ ಹುಟ್ಟಿದ ಜೀವಸತ್ವವು ಕರುಳಿನ ಹಂಗಿಲ್ಲದೆ ನೇರವಾಗಿ ರಕ್ತಕ್ಕೆ ಸೇರುವುದು. ಆದುದರಿಂದ ಪುತ್ತರಿಯ ಸುಮಾರಿನಿಂದ ಬೇಸಗೆಯ ಕೊನೆಯವರೆಗೆ, ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ, ಮುಖ, ತೋಳು, ಮೊಣಕಾಲಿನ ಕೆಳಭಾಗಗಳ ಮೇಲೆ ಬಿಸಿಲು ಬೀಳುವಂತೆ ಸುಮಾರು ಅರ್ಧ ಗಂಟೆ ಅಂಗಳದಲ್ಲಿರುವುದು ಒಳ್ಳೆಯದು. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ವೇಳೆಯೇ ತಕ್ಕ ವೇಳೆಯೆಂದು ನೆನಪಿಡಬಹುದು. ಬೆಳಗಿನ ಎಳೆಬಿಸಿಲು ಹಿತವಾಗಿದ್ದರೂ ಈ ಕೆಲಸಕ್ಕೆ ಸಾಲದು. ಚರ್ಮವು ಸುಡುವವರೆಗೆ ನಿಲ್ಲುವುದೂ ಬೇಡ. ಎಷ್ಟಾದರೂ ಬಿಸಿಲೊಂದನ್ನೇ ನಂಬಿ ಔಷಧವನ್ನು ಬಿಡುವ ಹಾಗಿಲ್ಲ; ಮಳೆಗಾಲವು ಮತ್ತೆ ಬಂದೇ ಬರುವುದು.

ಆಹಾರದಿಂದಲೇ ಈ ಕೊರತೆಯನ್ನು ತೀರಿಸಬಾರದೇ ಎಂದು ತಾಯಂದಿರು ಕೇಳುವರು. ಈ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ, ಆಹಾರ ಮಾತ್ರೆಗಳೆರಡೂ ಸೇರಿ, ೧೨೦೦ರಿಂದ ೧೫೦೦ ಮಿಲಿಗ್ರಾಂ ಸುಣ್ಣವು ಬೇಕೆಂದು ಅಮೆರಿಕದ ಈ ವಿಭಾಗದ ಶಸ್ತ್ರವೈದ್ಯರ ಸಂಘದವರು ೨೦೧೬ರ ತಮ್ಮ ಪರಿಷ್ಕೃತ ಸೂಚನೆಗಳಲ್ಲಿ ಹೇಳಿರುವರು. ಭಾರತದ ವೈದ್ಯರೂ ಹೆಚ್ಚು ಕಡಿಮೆ ಇದನ್ನೇ ಅನುಸರಿಸುವರು. ೨೦೦ ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು ೨೪೦ ಮಿಲಿಗ್ರಾಂ ಇರುವುದು. ಎಂದರೆ ಐದಾರು ಲೋಟ ಹಾಲು. ಕೆಲವು ತುತ್ತುಗಳಲ್ಲೇ ಹೊಟ್ಟೆ ತುಂಬುವವರು ಇದನ್ನು ಕುಡಿಯುವುದೆಂತು? ಶಸ್ತ್ರಚಿಕಿತ್ಸೆಯ ತರುವಾಯ ಕೆಲವರಿಗೆ ಹಾಲು ಒಗ್ಗದೆ ಹೊಟ್ಟೆಯುಬ್ಬರ, ಭೇದಿ ಆಗುವುದೂ ಉಂಟು. ಅಂಥವರಿಗೆ ಗಟ್ಟಿ ಮೊಸರು ಒಗ್ಗುವುದು. ನೀರು ಬೆರೆಸಿದ ಮಜ್ಜಿಗೆಯಲ್ಲಿ ಸುಣ್ಣವೂ ನೀರಾಗಿರುವುದೆಂಬುದನ್ನು ಮರೆಯಬಾರದು.

ನಮ್ಮ ನಾಡಿನ ಊಟವು ರುಚಿಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಸುಣ್ಣದಲ್ಲಿ ಮಾತ್ರ ಬಹಳ ಬಡವು. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲವೂ ಅಕ್ಕಿಯವೇ. ೧೦೦ ಗ್ರಾಂ ಅಕ್ಕಿಯಲ್ಲಿ ಸುಣ್ಣವು ೧೦ ಮಿಲಿಗ್ರಾಮಿನ ಸುಮಾರು. ಹಂದಿಯ ಮಾಂಸದಲ್ಲಿಯೂ ಕಣಿಲೆಯಲ್ಲಿಯೂ ಹೇಳಿಕೊಳ್ಳುವಷ್ಟಿಲ್ಲ. ಅದೇ ತೂಕದ ರಾಗಿಯಲ್ಲಿ ೩೫೦ ಮಿಲಿಗ್ರಾಂ ಇದೆ. ಸೋಮವಾರಪೇಟೆ, ಕುಶಾಲನಗರಗಳ ಕಡೆಯವರು ರಾಗಿಯ ಮುದ್ದೆಯನ್ನು ಮೊದಲಿನಿಂದಲೂ ಬಲ್ಲರು. ಉಳಿದವರು ಅದನ್ನು ಹೊಲದಾಳುಗಳ ಊಟವೆಂದು ತಾತ್ಸಾರ ಮಾಡಿದ ಕಾಲವೊಂದಿತ್ತು. ರಾಗಿಯನ್ನು ಮೊಳಕೆ ಬರಿಸಿ ಹುರಿದು ಹಿಟ್ಟು ಮಾಡಿ, ಹಾಲಿನಲ್ಲಿ ತೆಳ್ಳಗೆ ಅಂಬಲಿ ಕಾಯಿಸಿದರೆ ಶಸ್ತ್ರಚಿಕಿತ್ಸೆಯಾದವರಿಗೂ ಸುಲಭವಾಗಿ ಇಳಿಯುವುದು. ಮೊಳಕೆಯಿಂದ, ಸುಣ್ಣವನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವು ಕಡಿಮೆಯಾಗುವುದು. ಕಣ್ಣೂರಿನಿಂದಲೂ ಮಂಗಳೂರಿನಿಂದಲೂ ಬರುವ ಮತ್ತಿ ಮೀನಿನಲ್ಲಿ (ಕೆಲವರು ಬೂತಾಯಿಯೆನ್ನುವರು) ‘ಡಿ’ ಜೀವಸತ್ವವಿದೆ. ಮೆತ್ತಗೆ ಬೆಂದ ಮುಳ್ಳನ್ನೂ ಸೇರಿಸಿ ತಿಂದರೆ ಸುಣ್ಣವೂ ದೊರೆಯುವುದು.

ಸೊಪ್ಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ನಮ್ಮವರು ಪ್ರೀತಿಯಿಂದ ತಿನ್ನುವ ಕೆಸುವಿನ ಎಲೆಯಲ್ಲಿಯೂ, ಹರಿವೆ, ಪಾಲಕ್ ಸೊಪ್ಪುಗಳಲ್ಲಿಯೂ ಸುಣ್ಣವು ಪುಸ್ತಕದ ಲೆಕ್ಕಕ್ಕೆ ಇದೆ. ಆದರೆ ಅವುಗಳಲ್ಲಿರುವ ಆಕ್ಸಲಿಕ್ ಆಮ್ಲವು ಆ ಸುಣ್ಣವನ್ನು ಕಟ್ಟಿಹಾಕಿ ದೇಹಕ್ಕೆ ಸಿಕ್ಕಗೊಡದು. ಬೈಪಾಸಾದವರಲ್ಲಿ ಈ ಆಮ್ಲವೇ ರಕ್ತಕ್ಕೆ ಹೆಚ್ಚಾಗಿ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವೂ ಇದೆ. ಸುಣ್ಣವೇ ಕಲ್ಲಿಗೆ ಕಾರಣವೆಂದು ಹೆದರಿ ಕೆಲವರು ಮಾತ್ರೆಯನ್ನು ಬಿಡುವರು. ನಿಜವು ಅದಕ್ಕೆ ವಿರುದ್ಧವಾಗಿದೆ. ಊಟದೊಡನೆ ಸೇವಿಸಿದ ಸುಣ್ಣವು ಆ ಆಮ್ಲವನ್ನು ಕರುಳಿನಲ್ಲಿಯೇ ಹಿಡಿದು ಹೊರಕ್ಕೆ ಸಾಗಿಸುವುದು. ಎಲೆಯಡಿಕೆಯ ಸುಣ್ಣದಿಂದಲೇ ಎಲ್ಲವೂ ಸಿಕ್ಕುವುದೆನ್ನುವ ಅಜ್ಜಿಯಂದಿರಿಗೆ ನಮ್ಮ ನಮಸ್ಕಾರಗಳು. ಅಡಿಕೆಯು ಬಾಯಿಯ ಅರ್ಬುದರೋಗಕ್ಕೆ ಕಾರಣವೆಂಬುದು ಈಗ ಸಿದ್ಧವಾಗಿರುವುದರಿಂದ ಆ ಮಾರ್ಗವನ್ನು ನಾವು ಯಾರಿಗೂ ಹೇಳಲಾರೆವು.

ಆದಕಾರಣ ಮಾತ್ರೆಗಳು ಬೇಕೇ ಬೇಕು. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆಯವು ದೊರೆಯುವವು. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗವಾದದ್ದು. ಅದು ಕರಗುವುದಕ್ಕೆ ಜಠರದ ಆಮ್ಲವು ಬೇಕಾದುದರಿಂದ ಊಟದೊಡನೆಯೇ ಸೇವಿಸತಕ್ಕದ್ದು. ಆಮ್ಲವೇ ಕಡಿಮೆಯಾಗಿರುವವರಿಗೂ, ಎದೆಯುರಿಗಾಗಿ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಗುಳಿಗೆಗಳನ್ನು ದಿನವೂ ನುಂಗುವವರಿಗೂ ಅದರಿಂದ ಸರಿಯಾದ ಫಲ ದೊರೆಯದು. ಕ್ಯಾಲ್ಸಿಯಂ ಸಿಟ್ರೇಟ್ ಎಂಬುದು ಆಮ್ಲವಿಲ್ಲದೆಯೂ ಕರಗುವುದು, ಊಟವಿದ್ದರೂ ಇಲ್ಲದಿದ್ದರೂ ಸೇವಿಸಬಹುದು. ಆದುದರಿಂದ ಈ ಶಸ್ತ್ರಚಿಕಿತ್ಸೆಯಾದವರಿಗೆ ಇದನ್ನೇ ಹೆಚ್ಚಾಗಿ ಹೇಳುವರು. ಕೊಳ್ಳುವಾಗ ಪೊಟ್ಟಣದ ಮೇಲಿನ ಬರಹವನ್ನು ನಿಧಾನವಾಗಿ ಓದಬೇಕು. ಕಾರ್ಬೊನೇಟಿನ ತೂಕದಲ್ಲಿ ನೂರಕ್ಕೆ ೪೦ ಪಾಲು, ಸಿಟ್ರೇಟಿನಲ್ಲಿ ೨೧ ಪಾಲು ಮಾತ್ರ ನಿಜವಾದ ಸುಣ್ಣ. ಸಿಟ್ರೇಟ್ ೧೦೦೦ ಮಿಲಿಗ್ರಾಂ ಎಂದು ದೊಡ್ಡಕ್ಷರದಲ್ಲಿ ಬರೆದ ಮಾತ್ರೆಯಲ್ಲಿ ಸುಣ್ಣವು ೨೧೦ ಮಿಲಿಗ್ರಾಮಿನಷ್ಟೇ. ನಮ್ಮ ಬಳಿ ಬಂದವರಲ್ಲಿ ಒಬ್ಬರು ಇಂಥ ಒಂದು ಮಾತ್ರೆಯಿಂದ ದಿನದ ಅಗತ್ಯವು ತೀರಿತೆಂದು ನಂಬಿದ್ದರು.

ಇಡೀ ದಿನದ ಸುಣ್ಣವನ್ನು ಒಮ್ಮೆಗೇ ನುಂಗಿದರೆ ಪ್ರಯೋಜನವಿಲ್ಲ. ಕರುಳು ಒಂದು ಸಲಕ್ಕೆ ೫೦೦ ಅಥವಾ ೬೦೦ ಮಿಲಿಗ್ರಾಮಿಗಿಂತ ಹೆಚ್ಚನ್ನು ಚೆನ್ನಾಗಿ ಹೀರಲಾರದು. ಎರಡು ಮೂರು ಸಲವಾಗಿ ಹಂಚಿಕೊಳ್ಳಬೇಕು. ರಕ್ತಹೀನತೆಗಾಗಿ ಕೊಡುವ ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ ಸರಿಬಾರದು. ಇವೆರಡರ ನಡುವೆ ಎರಡು ಗಂಟೆಯಾದರೂ ಕಳೆಯಬೇಕು. ಥೈರಾಯ್ಡಿನ ಮಾತ್ರೆಯನ್ನು ಸೇವಿಸುವವರು ನಾಲ್ಕು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗುವುದೂ ಸಲ್ಲದು; ಕೊಡಗಿನಲ್ಲಿ ಈ ಮಾತನ್ನು ಹೇಳುವುದಕ್ಕೆ ಸಂಕೋಚವಾಗುವುದು, ಆದರೂ ಹೇಳಬೇಕಾಗಿದೆ.

‘ಡಿ’ ಜೀವಸತ್ವವು ಸಾಮಾನ್ಯವಾಗಿ ದಿನ ಒಂದಕ್ಕೆ ೩೦೦೦ ಯೂನಿಟ್ಟುಗಳಷ್ಟು, ರಕ್ತದಲ್ಲಿ ಅದರ ಪ್ರಮಾಣವು ಮಿಲಿಲೀಟರಿಗೆ ೩೦ ನ್ಯಾನೊಗ್ರಾಮಿಗಿಂತ ಮೇಲಕ್ಕೆ ಬರುವ ತನಕ ಬೇಕೆಂದು ಮೇಲೆ ಹೇಳಿದ ಸಂಘದವರ ಸೂಚನೆ. ಅಲ್ಲಿಂದ ಮುಂದೆ ವೈದ್ಯರು ಹೇಳಿದಷ್ಟು. ನಮ್ಮ ದೇಶದಲ್ಲಿ ೬೦,೦೦೦ ಯೂನಿಟ್ಟುಗಳ ಪುಡಿಯ ಪೊಟ್ಟಣವೋ ಗುಳಿಗೆಯೋ ಎಲ್ಲ ಅಂಗಡಿಗಳಲ್ಲಿಯೂ ಇರುವುದು. ಅದು ವಾರಕ್ಕೊಮ್ಮೆ, ವೈದ್ಯರು ಹೇಳಿದ ವಾರಗಳ ತನಕ ಮಾತ್ರ. ಅದನ್ನು ದಿನವೂ ಸೇವಿಸಿ ಅಪಾಯಕ್ಕೊಳಗಾದವರು ಉಂಟು. ಕೊಬ್ಬಿನಲ್ಲಿ ಕರಗುವ ಜೀವಸತ್ವವು ಮಿತಿಮೀರಿದರೆ ಮೂತ್ರದಲ್ಲಿ ಹೊರಟುಹೋಗದೆ ದೇಹದಲ್ಲಿಯೇ ಸೇರುತ್ತ ಹೋಗಿ, ರಕ್ತದ ಸುಣ್ಣವನ್ನು ಅತಿಯಾಗಿ ಏರಿಸುವುದು. ತಡೆಯಲಾಗದ ಬಾಯಾರಿಕೆ, ವಾಂತಿ, ಮಲಬದ್ಧತೆ, ಬುದ್ಧಿ ಮಂಕಾಗುವುದು ಇದರ ಲಕ್ಷಣಗಳು, ಮೂತ್ರಪಿಂಡಗಳೂ ಕೆಡುವವು. ನೆರೆಮನೆಯವರಿಗೆ ಗುಣವಾಯಿತೆಂದು ಅವರ ಚೀಟಿಯಿಂದ ಔಷಧವನ್ನು ಕೊಳ್ಳುವ ರೂಢಿಯು ಈ ಔಷಧಕ್ಕೆ ಸ್ವಲ್ಪವೂ ತಕ್ಕದ್ದಲ್ಲ.

ಪರೀಕ್ಷೆಯ ವಿಷಯವನ್ನು ಈಗಾಗಲೇ ಸೂಚಿಸಿರುವೆವು. ಕ್ಯಾಲ್ಸಿಯಂ ಒಂದನ್ನೇ ನೋಡಿದರೆ ಸಾಲದು. ‘೨೫ ಹೈಡ್ರಾಕ್ಸಿ ವಿಟಮಿನ್ ಡಿ’ ಎಂಬುದನ್ನೂ, ಪ್ಯಾರಾಥೈರಾಯ್ಡ್ ಹಾರ್ಮೋನನ್ನೂ, ಆಲ್ಕಲೈನ್ ಫಾಸ್ಫಟೇಸ್ ಎಂಬುದನ್ನೂ ನೋಡಬೇಕು. ಹಾರ್ಮೋನು ಏರಿದ್ದರೆ ಕಣಜದ ಬಾಗಿಲು ತೆರೆದಿದೆಯೆಂದೇ ಅರ್ಥ. ಮೊದಲ ವರ್ಷದಲ್ಲಿ ಕೆಲವು ಸಲ, ಮುಂದೆ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳು ನಡೆಯಲಿ. ಮಳೆಗಾಲದ ಕೊನೆಗೆ ಮಾಡಿಸಿದರೆ ವರ್ಷದ ಅತ್ಯಂತ ಕೆಳಗಿನ ಮಟ್ಟವು ತಿಳಿದುಬರುವುದೆಂದು ನಮ್ಮ ಅಭಿಪ್ರಾಯ. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಎಂಬ ಚಿತ್ರವನ್ನು ಎರಡು ವರ್ಷಗಳ ತರುವಾಯ ತೆಗೆಸಬೇಕೆಂದು ಹೇಳುವರು. ತುಟಿಯ ಸುತ್ತಲೂ ಬೆರಳ ತುದಿಗಳಲ್ಲಿಯೂ ಜುಮ್ಮೆನ್ನುವುದು, ಮೀನಖಂಡ ಹಿಡಿಯುವುದು, ಕುಕ್ಕರಗಾಲಿನಿಂದ ಏಳಲಾಗದಿರುವುದು, ಬಾತುಕೋಳಿಯಂತೆ ತೂಗಾಡುತ್ತ ನಡೆಯುವುದು ಕಂಡುಬಂದರೆ ವರ್ಷದ ಪರೀಕ್ಷೆಗಾಗಿ ಕಾಯಬಾರದು. ಎಲುಬಿಗೆ ಸುಣ್ಣದಷ್ಟೇ ಭಾರವೂ ಬೇಕು. ನಡಿಗೆ, ಮೆಟ್ಟಲು ಹತ್ತುವುದು, ಸ್ವಲ್ಪ ಭಾರವನ್ನೆತ್ತುವುದು ಇವು ನಮ್ಮ ಗುಡ್ಡದ ನಾಡಿನಲ್ಲಿ ಹಣ ಕೊಡದೆ ಸಿಕ್ಕುವವು. ದಿನಕ್ಕೆ ೬೦ ಗ್ರಾಮಿಗೆ ಕಡಿಮೆಯಾಗದಂತೆ ಪ್ರೋಟೀನೂ ಬೇಕು.

ಮಕ್ಕಳನ್ನು ಪಡೆಯುವ ವಯಸ್ಸಿನವರಿಗೆ ಒಂದು ಮಾತು. ಶಸ್ತ್ರಚಿಕಿತ್ಸೆಯಾದ ಮೇಲೆ ೧೨ರಿಂದ ೧೮ ತಿಂಗಳ ತನಕ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಹೇಳುವರು. ಗರ್ಭದ ಶಿಶುವು ತನ್ನ ಎಲುಬಿಗೆ ಬೇಕಾದ ಸುಣ್ಣವನ್ನು ತಾಯಿಯಿಂದಲೇ ಪಡೆಯುವುದು. ತಾಯಿಗೆ ಸಿಕ್ಕದಿದ್ದರೆ ತಾಯಿಯ ಎಲುಬು ಸವೆಯುವುದು. ತೂಕವಿಳಿದಂತೆ, ಮೊದಲು ತಪ್ಪುತ್ತಿದ್ದ ಮುಟ್ಟು ಸರಿಹೋಗಿ ಬೇಗನೆ ಗರ್ಭ ನಿಲ್ಲುವುದೂ ಉಂಟೆಂಬುದನ್ನು ಹೊಸದಾಗಿ ಮದುವೆಯಾದವರು ತಿಳಿದಿರಲಿ. ಹದಿಹರೆಯದ ಮಗಳನ್ನು ಈ ಚಿಕಿತ್ಸೆಗೆ ಕರೆದೊಯ್ಯಬೇಕೇ ಎಂದು ವಿಚಾರಿಸುವ ತಂದೆತಾಯಿಗಳಿಗೆ, ಬೇಡವೆಂದೇ ನಾವು ಹೇಳುವುದಿಲ್ಲ. ತೀವ್ರವಾದ ರೋಗವಿರುವಲ್ಲಿ ಅದು ಪ್ರಾಣವನ್ನುಳಿಸಬಲ್ಲುದು. ಆದರೆ ಎಲುಬಿನ ಕಣಜವು ಆ ವಯಸ್ಸಿನಲ್ಲಿಯೇ ತುಂಬತಕ್ಕದ್ದು. ಮದುವೆಯ ಫೋಟೋದಲ್ಲಿ ತೆಳ್ಳಗೆ ಕಾಣಬೇಕೆಂಬುದೊಂದೇ ಕಾರಣವಾದರೆ ಆ ಯೋಚನೆಯನ್ನು ನಿಲ್ಲಿಸಬೇಕೆಂದು ಖಂಡಿತವಾಗಿ ಹೇಳುವೆವು.

ಗುಟ್ಟಿನ ವಿಷಯವು ನಮಗೆ ಔಷಧಕ್ಕಿಂತಲೂ ಕಷ್ಟವಾಗಿ ತೋರುವುದು. ದಪ್ಪನಾಗಿದ್ದರೆ ಆಡಿಕೊಳ್ಳುವ ನೆಂಟರೇ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಸೋಮಾರಿಯೆಂದೂ ಆಡುವರು. ಹೀಗಿರುವಾಗ ಹೆಣ್ಣುಮಕ್ಕಳು ಬಾಯಿ ಬಿಡದಿರುವುದು ಅವರ ದೋಷವಲ್ಲ. ಮದುವೆಯ ಮನೆಯಲ್ಲಿ ನಾಲ್ಕು ಜನರೆದುರಿಗೆ ಡಬ್ಬಿಯನ್ನು ತೆರೆದು ಮಾತ್ರೆ ನುಂಗುವುದಕ್ಕೆ ನಾಚಿ, ಎರಡು ದಿನ ಬಿಟ್ಟು, ಆಮೇಲೆ ಮರೆತುಬಿಟ್ಟವರನ್ನು ನಾವು ಬಲ್ಲೆವು. ನೆಂಟರಿಗೆ ಹೇಳಬೇಕಾದ ನಿರ್ಬಂಧವೇನೂ ಇಲ್ಲ. ವೈದ್ಯರಿಗೆ ಮಾತ್ರ, ಹಲ್ಲಿನ ವೈದ್ಯರಾದರೂ ಸರಿ, ಹೇಳಲೇಬೇಕು. ಯಾವ ಶಸ್ತ್ರಚಿಕಿತ್ಸೆ, ಯಾವ ವರ್ಷ, ಯಾವ ಊರಿನ ಆಸ್ಪತ್ರೆ ಎಂದು ಬರೆದ ಚೀಟಿಯೊಂದು ಕೈಚೀಲದಲ್ಲಿರಲಿ. ಅದರಲ್ಲಿಯೂ ಬೈಪಾಸಾದವರಿಗೆ ಗಂಟಲಿನ ಥೈರಾಯ್ಡ್ ಗ್ರಂಥಿಯನ್ನು ತೆಗೆಸಬೇಕಾಗಿ ಬಂದರೆ ಶಸ್ತ್ರವೈದ್ಯರಿಗೆ ಇದನ್ನು ಮೊದಲೇ ತಿಳಿಸುವುದು ಅತ್ಯವಶ್ಯ. ಆ ಸಮಯದಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕಣಜದಿಂದ ಸುಣ್ಣವನ್ನು ತರುವವರೇ ಇಲ್ಲದಂತಾಗಿ, ಕರುಳಿನಿಂದಲೂ ಬಾರದೆ, ರಕ್ತದ ಸುಣ್ಣವು ಪ್ರಾಣಾಪಾಯವಾಗುವಷ್ಟು ಕುಸಿಯಬಹುದು.

ಮೇ ತಿಂಗಳಲ್ಲಿ ಮಳೆಗಾಲಕ್ಕೆಂದು ಸೌದೆಯನ್ನೂ ಒಣಮೀನನ್ನೂ ಕೂಡಿಡುವಾಗ ಮೂರು ತಿಂಗಳ ಮಾತ್ರೆಗಳನ್ನೂ ತಂದಿಟ್ಟುಕೊಳ್ಳುವುದು ಒಳ್ಳೆಯದು. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯೇ ಕಡಿದುಹೋಗಿ, ಎಷ್ಟೋ ಊರುಗಳು ದಿನಗಟ್ಟಲೆ ಒಂಟಿಯಾಗಿದ್ದುದು ಎಲ್ಲರಿಗೂ ನೆನಪಿರುವುದು. ತಂದ ಮಾತ್ರೆಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರದಲ್ಲಿ, ತೇವ ತಾಗದಂತೆ ಇಡಬೇಕು. ನಮ್ಮ ಮಳೆಯಲ್ಲಿ ಉಪ್ಪೇ ನೀರಾಗುವುದು.

ಮೊದಲು ಹೇಳಿದ ನಮ್ಮ ವಿದ್ಯಾರ್ಥಿನಿಯು ಮತ್ತೆ ಔಷಧವನ್ನು ಹಿಡಿದ ಕೆಲವು ತಿಂಗಳಲ್ಲಿ ತೊಡೆಯ ನೋವು ಕಡಿಮೆಯಾಗಿ, ಕೈಯೂರದೆ ಏಳುವಂತಾದರು. ಸವೆದ ಎಲುಬು ಎಲ್ಲವೂ ಹಿಂದಿರುಗುವುದೆಂದು ವೈದ್ಯರು ಭರವಸೆ ಕೊಟ್ಟಿಲ್ಲ. ಅತ್ತೆಯವರಿಗೆ ಸಂಗತಿಯನ್ನು ಕೊನೆಗೆ ತಿಳಿಸಿದರಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಿತ್ತದ ಕಲ್ಲೆಂದು ನಾನು ಇಷ್ಟು ವರ್ಷ ನಿನಗೆ ಸಾರಿನಲ್ಲಿ ಎಣ್ಣೆ ಕಡಿಮೆ ಹಾಕುತ್ತ ಬಂದೆನಲ್ಲ ಎಂದು ಬೇಸರಪಟ್ಟುಕೊಂಡರಂತೆ. ಈಗ ರಾತ್ರಿಯ ಮಾತ್ರೆಯನ್ನು ನೆನಪುಮಾಡುವವರು ಅವರೇ.